ಕಡಿಮೆ ಬೆಲೆಯ ಗೇರ್ ಸೈಕಲ್: ವಾರವಿಡೀ ಆಫೀಸಿಗೆ, ಭಾನುವಾರ ಗುಡ್ಡಕ್ಕೆ

12ರಿಂದ 20 ಸಾವಿರ ರೂಪಾಯಿಗೆ ಒಂದು ಮೌಂಟೇನ್ ಬೈಕ್ ತಗೊಂಡು, ಅದರಲ್ಲೇ ದಿನಾ ಕೆಲಸಕ್ಕೆ ಹೋಗಿ, ರಜಾ ದಿನ ಚಿತ್ರದುರ್ಗದ ಸುತ್ತಲಿನ ಗುಡ್ಡದ ದಾರಿಯಲ್ಲೂ ಓಡಿಸಬಹುದಾ? ಧಾರಾಳವಾಗಿ ಓಡಿಸಬಹುದು. ಆದರೆ ಅಂಗಡಿಯಲ್ಲಿ ಕಣ್ಣಿಗೆ ಹೊಡೆಯುವ ದಪ್ಪ ಶಾಕ್, 21 ಗೇರ್ ಅನ್ನುವ ಸ್ಟಿಕ್ಕರ್, ಬಣ್ಣ ಇವುಗಳಿಗೆ ದುಡ್ಡು ಸುರಿದರೆ ಆಮೇಲೆ ಪೇಚಾಟ. ನಮ್ಮ ಕಡೆ ಸೈಕಲ್ ಸವಾರನಿಗೆ ಕಾಟ ಕೊಡುವುದು ಮುಖ್ಯವಾಗಿ ಎರಡು: ಜಾಲಿ ಮುಳ್ಳು ಮತ್ತು ಎರೆ ಮಣ್ಣು. ಅವೆರಡನ್ನೂ ತಡೆದುಕೊಳ್ಳುವ ಸಾದಾ ಸೈಕಲ್ ತಗೊಳ್ಳಿ. ಒಟ್ಟು ಬಜೆಟ್‌ನಲ್ಲಿ ಎರಡು, ಮೂರು ಸಾವಿರ ತೆಗೆದಿಟ್ಟು ಅದರಲ್ಲಿ ಹೆಲ್ಮೆಟ್, ಪಂಪ್, ಎರಡು ಟ್ಯೂಬು, ಲೈಟು ಕೊಳ್ಳಿ.

ಯಾವ ಸೈಕಲ್?

ಮೊದಲು ಶಾಕ್ ವಿಷಯ. ಹಿಂದೆ ಮುಂದೆ ಎರಡೂ ಕಡೆ ಶಾಕ್ ಇರುವ ಸೈಕಲ್ ಈ ಬೆಲೆಗೆ ಸಿಕ್ಕರೆ ಮುಟ್ಟಲೇಬೇಡಿ. ಹಿಂದಿನ ಸ್ಪ್ರಿಂಗು ನೀವು ಪೆಡಲ್ ತುಳಿದಾಗಲೆಲ್ಲಾ ಕುಪ್ಪಳಿಸುತ್ತದೆ, ಏರಿನಲ್ಲಿ ಅರ್ಧ ಶಕ್ತಿ ಅದಕ್ಕೇ ಹೋದಂತೆ ಅನಿಸುತ್ತದೆ, ಸ್ವಲ್ಪ ದಿನಕ್ಕೆ ಅದರ ಬುಷ್ ಸವೆದು ಹಿಂದಿನ ಚಕ್ರ ಆ ಕಡೆ ಈ ಕಡೆ ಆಡೋಕೆ ಶುರು ಮಾಡುತ್ತದೆ. ಮುಂದೆ ಮಾತ್ರ ಶಾಕ್ ಇರುವುದು ಪರವಾಗಿಲ್ಲ. ಆದರೂ ಅಗ್ಗದ ಶಾಕ್ ಎಂದರೆ ಒಳಗೆ ಬರೀ ಸ್ಪ್ರಿಂಗ್. ಒತ್ತಿದರೆ ಕೆಳಗೆ ಹೋಗುತ್ತದೆ, ಬಿಟ್ಟರೆ ಟಪ್ಪನೆ ಮೇಲೆ ಹಾರುತ್ತದೆ. ತೂಕವೂ ಜಾಸ್ತಿ. ಅದನ್ನು ಲಾಕ್ ಮಾಡುವ ಗುಬುಟು ಇದ್ದರೆ ಡಾಂಬರು ರಸ್ತೆಯಲ್ಲಿ ಲಾಕ್ ಹಾಕಿಕೊಂಡು ಓಡಿಸಬಹುದು. ನನ್ನ ಕೇಳಿದರೆ, ಶಾಕ್ ಇಲ್ಲದ ಗಟ್ಟಿ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) ಮತ್ತು 2 ಅಂಗುಲ ಅಗಲದ ಒಳ್ಳೆ ಟೈರು ಇರುವ ಸೈಕಲ್ಲೇ ವಾಸಿ. ಟೈರಿನಲ್ಲಿ ಗಾಳಿ ಸ್ವಲ್ಪ ಕಮ್ಮಿ ಇಟ್ಟರೆ ಅರ್ಧ ಶಾಕ್ ಕೆಲಸ ಅದೇ ಮಾಡುತ್ತದೆ.

4 ಅಂಗುಲದ ಟೈರಿನ ಫ್ಯಾಟ್ ಬೈಕ್ ಬೇಡ. ಹುಡುಗರಿಗೆ ಅದೇ ಇಷ್ಟ, ಗೊತ್ತು. ಅದನ್ನು ದಿನಾ ತುಳಿದುಕೊಂಡು ಹೋಗಿ ಬನ್ನಿ, ಎರಡನೇ ವಾರಕ್ಕೆ ಬೈಕಿನ ಕೀ ಹುಡುಕುತ್ತೀರಿ.

ಫ್ರೇಮ್ ಸ್ಟೀಲಾದರೆ ಒಂದೆರಡು ಕೆ.ಜಿ. ಜಾಸ್ತಿ ತೂಗುತ್ತದೆ, ಆದರೆ ಮುರಿದರೆ ಊರಲ್ಲೇ ವೆಲ್ಡಿಂಗ್ ಮಾಡಿಸಬಹುದು. ಅಲಾಯ್ ಫ್ರೇಮ್ ತುಕ್ಕು ಹಿಡಿಯುವುದಿಲ್ಲ, ಹಗುರ, ಆದರೆ ಬಿರುಕು ಬಿಟ್ಟರೆ ಅದಕ್ಕೆ ರಿಪೇರಿ ಇಲ್ಲ ಎಂದೇ ಇಟ್ಟುಕೊಳ್ಳಿ. ಮನೆ ಮೊದಲನೇ ಮಹಡಿಯಲ್ಲಿದ್ದು ದಿನಾ ಸೈಕಲ್ ಎತ್ತಿಕೊಂಡು ಹೋಗಬೇಕಾದರೆ ಅಲಾಯ್, ಇಲ್ಲದಿದ್ದರೆ ಯಾವುದಾದರೂ ನಡೆಯುತ್ತದೆ.

ಚಕ್ರದ ಅಳತೆ 26, 27.5, 29 ಅಂಗುಲ ಎಂದು ಮೂರು ಬರುತ್ತದೆ. 29 ಕಲ್ಲು ಗುಂಡಿಗಳ ಮೇಲೆ ಸಲೀಸಾಗಿ ಉರುಳುತ್ತದೆ. ಆದರೆ ಟ್ಯೂಬ್ ಹರಿದಾಗ ಹಳ್ಳಿ ಅಂಗಡಿಯಲ್ಲಿ ಸಿಗುವ ಸಂಭವ ಜಾಸ್ತಿ ಇರುವುದು 26ಕ್ಕೆ. 27.5ರ ಚಕ್ರಕ್ಕೆ ಅವಸರಕ್ಕೆ 26ರ ಟ್ಯೂಬನ್ನೇ ಎಳೆದು ಕೂರಿಸಿ ಮನೆ ಮುಟ್ಟಬಹುದು. ಇನ್ನು ವಾಲ್ವ್. ಬೈಕು, ಕಾರಿಗೆ ಇರುವಂಥ ದಪ್ಪ ವಾಲ್ವ್ ಇರುವ ಟ್ಯೂಬೇ ಇರಲಿ, ಪೆಟ್ರೋಲ್ ಬಂಕ್‌ನಲ್ಲೂ ಗಾಳಿ ಹಿಡಿಸಬಹುದು. ಬಂಕ್‌ನಲ್ಲಿ ಪುಸ್ ಪುಸ್ ಎಂದು ಸ್ವಲ್ಪ ಸ್ವಲ್ಪವೇ ಹಿಡಿಸಿ, ಸೈಕಲ್ ಟ್ಯೂಬಿನ ಹೊಟ್ಟೆ ಚಿಕ್ಕದು, ಒಂದೇ ಸಲ ಒತ್ತಿ ಹಿಡಿದರೆ ಢಮಾರ್.

ಬ್ರೇಕು ಎರಡು ತರ. ರಿಮ್ ಹಿಡಿಯುವ ವಿ ಬ್ರೇಕ್ ಅಗ್ಗ, ಹಗುರ, ರಿಪೇರಿ ಯಾರು ಬೇಕಾದರೂ ಮಾಡುತ್ತಾರೆ. ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್‌ಗೆ ಸ್ವಲ್ಪ ಜಾಸ್ತಿ ಗಮನ ಬೇಕು, ಆದರೆ ರಿಮ್‌ಗೆ ಕೆಸರು ಮೆತ್ತಿದಾಗಲೂ ಹಿಡಿಯುತ್ತದೆ, ರಿಮ್ ಸ್ವಲ್ಪ ಬೆಂಡಾದರೂ ಅದಕ್ಕೆ ತೊಂದರೆ ಇಲ್ಲ. ಮಳೆಗಾಲದಲ್ಲೂ ಮಣ್ಣಿಗೆ ಇಳಿಯುವವರಾದರೆ ಡಿಸ್ಕ್, ಊರೊಳಗೇ ಜಾಸ್ತಿ ಓಡಿಸುವವರಾದರೆ ವಿ ಬ್ರೇಕ್ ಸಾಕು.

ಗೇರು ದಾವಣಗೆರೆಯವರಿಗೆ ಅಷ್ಟಾಗಿ ಬೇಡ. ಪಿ.ಬಿ. ರೋಡು, ಹದಡಿ ರಸ್ತೆ, ವಿದ್ಯಾನಗರ ಎಲ್ಲಾ ಹೆಚ್ಚು ಕಮ್ಮಿ ಸಮತಟ್ಟು, ಹಿಂದೆ 7 ಗೇರ್ ಇದ್ದರೆ ಬೇಕಾದಷ್ಟಾಯಿತು. ಚಿತ್ರದುರ್ಗದ ಏರಿಗೆ ಮಾತ್ರ ಮುಂದೆ ಚಿಕ್ಕ ಹಲ್ಲುಚಕ್ರ ಬೇಕೇ ಬೇಕು, ಹಿಂದೆ ದೊಡ್ಡದು 28 ಹಲ್ಲಿನದ್ದಾದರೂ ಇರಲಿ, 34 ಇದ್ದರೆ ಮೊಣಕಾಲು ನಿಮ್ಮನ್ನು ಹರಸುತ್ತದೆ. ಮುಂದೆ 3, ಹಿಂದೆ 7, ಗುಣಿಸಿದರೆ 21, ಸ್ಟಿಕ್ಕರಿನ ಲೆಕ್ಕ ಇಷ್ಟೇ. ಅದರಲ್ಲಿ ಮುಂದಿನ ದೊಡ್ಡದು ಹಿಂದಿನ ದೊಡ್ಡದು, ಮುಂದಿನ ಚಿಕ್ಕದು ಹಿಂದಿನ ಚಿಕ್ಕದು ಈ ಎರಡು ಜೋಡಿಗೆ ಹೋಗಬಾರದು. ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ. ಊರಲ್ಲಿ ಮುಂದಿನ ನಡುವಿನದ್ದರಲ್ಲೇ ಇದ್ದು ಹಿಂದಿನದನ್ನು ಮಾತ್ರ ಬದಲಾಯಿಸಿ. ಏರು ಎದುರಿಗೆ ಕಂಡಾಗಲೇ ಗೇರ್ ಇಳಿಸಿ. ಅರ್ಧ ಏರಿನಲ್ಲಿ ಎದ್ದು ನಿಂತು ತುಳಿಯುತ್ತಾ ಗೇರ್ ಒತ್ತಿದರೆ ಚೈನು ಕಟಕಟ ಎಂದು ಜಾರುತ್ತದೆ, ಕೆಲವೊಮ್ಮೆ ತುಂಡೇ ಆಗುತ್ತದೆ.

ಅಳತೆಗೆ ಆನ್‌ಲೈನ್ ಫೋಟೋ ನಂಬಬೇಡಿ. ಸೈಕಲ್ ಮೇಲಿನ ಪೈಪಿನ ಎರಡೂ ಕಡೆ ಕಾಲು ಹಾಕಿ ನೆಲದ ಮೇಲೆ ನಿಂತಾಗ ಪೈಪಿಗೂ ನಿಮಗೂ ನಡುವೆ ಎರಡು ಅಂಗುಲವಾದರೂ ಜಾಗ ಇರಬೇಕು. ಸೀಟಿನ ಎತ್ತರ ನೋಡಲು ಗೋಡೆ ಹಿಡಿದು ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ, ಪೆಡಲ್ ಪೂರ್ತಿ ಕೆಳಗಿದ್ದಾಗ ಕಾಲು ನೆಟ್ಟಗಾಗಬೇಕು. ಆಮೇಲೆ ಮುಂಗಾಲಲ್ಲಿ ತುಳಿದಾಗ ಮೊಣಕಾಲು ತಾನಾಗಿ ಸ್ವಲ್ಪ ಬಾಗುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ಸೀಟನ್ನು ತೀರಾ ಕೆಳಗಿಟ್ಟುಕೊಂಡು ಮಂಡಿ ನೋವು ಅಂತಾರೆ.

ಅಂಗಡಿಯಿಂದ ಹೊರಡುವ ಮುಂಚೆ

ಸೈಕಲ್ ಡಬ್ಬದಲ್ಲಿ ಅರ್ಧ ಜೋಡಿಸಿ ಬಂದಿರುತ್ತದೆ, ಉಳಿದರ್ಧ ಅಂಗಡಿಯವರು ಅವಸರದಲ್ಲಿ ಜೋಡಿಸುತ್ತಾರೆ. ಹಾಗಾಗಿ ಅಲ್ಲೇ ನಿಂತು ನೋಡಿಕೊಳ್ಳಿ, ಸಂಕೋಚ ಬೇಡ. ಫೋರ್ಕ್ ಹಿಂದುಮುಂದಾಗಿ ಕೂತಿಲ್ಲ ತಾನೆ? ಡಿಸ್ಕ್ ಇದ್ದರೆ ಅದು ನಿಮ್ಮ ಎಡಗಡೆಗೆ ಇರಬೇಕು. ಎಡ ಪೆಡಲ್‌ನ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ, ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಅದನ್ನು ಬಲವಂತವಾಗಿ ಅಡ್ಡಮರೆ ಕೂರಿಸಿದ್ದರೆ ಸ್ವಲ್ಪ ದಿನಕ್ಕೆ ಪೆಡಲ್ ಕಳಚಿ ಬೀಳುತ್ತದೆ. ಮುಂದಿನ ಚಕ್ರವನ್ನು ಕಾಲುಗಳ ನಡುವೆ ಅಮುಕಿ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ, ಜಾರಬಾರದು. ಯಾವ ಕೈಗೆ ಯಾವ ಬ್ರೇಕ್ ಎಂದೂ ತಿಳಿದುಕೊಳ್ಳಿ.

ಒಂದು ಪರೀಕ್ಷೆ ಮಾತ್ರ ಬಿಡಲೇಬೇಡಿ. ಹಿಂದಿನ ಗೇರನ್ನು ಎಲ್ಲಕ್ಕಿಂತ ದೊಡ್ಡ ಹಲ್ಲುಚಕ್ರಕ್ಕೆ ತಂದು, ಚೈನು ಹಿಡಿದುಕೊಂಡು ನೇತಾಡುವ ಆ ಗೇರ್ ಕೈಯನ್ನು ಬೆರಳಿಂದ ಚಕ್ರದ ಕಡೆ ಒತ್ತಿ. ಅದು ಕಡ್ಡಿಗಳಿಗೆ ತಾಗಬಾರದು. ತಾಗಿದರೆ ಯಾವತ್ತಾದರೂ ಏರಿನಲ್ಲಿ ಅದು ಕಡ್ಡಿಯೊಳಗೆ ಸಿಕ್ಕಿ, ಗೇರು, ಕಡ್ಡಿ, ಚೈನು ಮೂರೂ ಒಟ್ಟಿಗೆ ಹೋಗುತ್ತವೆ. ಅದರಲ್ಲಿ ಎಲ್ ಎಂದು ಗುರುತಿರುವ ಚಿಕ್ಕ ಸ್ಕ್ರೂ ಇರುತ್ತದೆ, ಅರ್ಧ ಸುತ್ತು ಬಿಗಿ ಮಾಡಿದರೆ ಮುಗಿಯಿತು. ಎರಡು ನಿಮಿಷದ ಕೆಲಸ.

ಹೊಸ ಸೈಕಲ್‌ನ ಕೇಬಲ್‌ಗಳು ಮೊದಲ ಕೆಲವು ವಾರದಲ್ಲಿ ಸಡಿಲ ಆಗುವುದು ಸಹಜ. ಗೇರು ಕಟಕಟ ಎನ್ನುವುದು, ಬ್ರೇಕ್ ಲಿವರ್ ಹ್ಯಾಂಡಲ್ ತನಕ ಬರುವುದು ಎಲ್ಲಾ ಅದರಿಂದಲೇ. ಕೇಬಲ್ ಹೊರಡುವ ಕಡೆ ಕೈಯಲ್ಲೇ ತಿರುಗಿಸುವ ತಿರುಪು ಇದೆ, ಬಿಚ್ಚುವ ದಿಕ್ಕಿಗೆ ಸ್ವಲ್ಪ ಸ್ವಲ್ಪ ತಿರುಗಿಸಿ ಸರಿ ಮಾಡಿಕೊಳ್ಳಿ. ಕಡ್ಡಿಗಳನ್ನೂ ಒಮ್ಮೆ ಬಿಗಿ ಮಾಡಿಸಿ ಚಕ್ರದ ಬೆಂಡ್ ತೆಗೆಸಿ. ಇದಕ್ಕೆ ಊರಿನ ಹಳೇ ಸೈಕಲ್ ಶಾಪಿನ ಮೇಸ್ತ್ರಿಗಳೇ ಸರಿ, ಗೇರ್ ಬಗ್ಗೆ ಗೊತ್ತಿಲ್ಲದಿದ್ದರೂ ಕಡ್ಡಿ ಬಿಗಿಯುವುದರಲ್ಲಿ ಅವರ ಕೈ ಪಳಗಿರುತ್ತದೆ.

ಜಾಲಿ ಮುಳ್ಳು

ರಸ್ತೆ ಪಕ್ಕ, ಕೆರೆ ಏರಿ, ಹೊಲದ ಬೇಲಿ ಎಲ್ಲಾ ಕಡೆ ಬಳ್ಳಾರಿ ಜಾಲಿ. ಬೇಸಿಗೆಗೆ ಮುನ್ನ ಬೇಲಿ ಕಡಿದು ದಾರಿಯಲ್ಲೇ ಎಳೆದುಕೊಂಡು ಹೋಗಿರುತ್ತಾರೆ, ಮುಳ್ಳು ಅಲ್ಲೇ ಉಳಿಯುತ್ತದೆ. ಅದರ ಜೊತೆ ನೆಲಕ್ಕೆ ಅಂಟಿಕೊಂಡು ಬೆಳೆಯುವ ನೆಗ್ಗಿಲು, ಅದರ ಕಾಯಿ ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ಇರುತ್ತದೆ. ಆದ್ದರಿಂದ ದಾರಿಯಲ್ಲಿ ಗಾಡಿ ಚಕ್ರ ಓಡಿ ಸವೆದ ಜಾಡಿನಲ್ಲೇ ಹೋಗಿ, ಅಂಚಿನ ಹುಲ್ಲಿಗೆ ಇಳಿಯಬೇಡಿ. ಸೈಕಲ್ ನಿಲ್ಲಿಸುವಾಗಲೂ ಹುಲ್ಲಿಗೆ ತಳ್ಳಿಕೊಂಡು ಹೋಗದೆ ಎತ್ತಿಡಿ.

ಟೈರಿನ ಒಳಗೆ ಟ್ಯೂಬಿಗೂ ಟೈರಿಗೂ ನಡುವೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಸ್ವಲ್ಪ ಭಾರ ಆದರೂ ಹಾಕಿಸಿ. ಅದರ ತುದಿಯ ಅಂಚು ಟ್ಯೂಬನ್ನೇ ಕೊಯ್ಯದ ಹಾಗೆ ದುಂಡಗೆ ಕತ್ತರಿಸಿ ಟೇಪ್ ಸುತ್ತಿಸಿ. ಟ್ಯೂಬಿನೊಳಗೆ ಹಾಕುವ ಸೀಲೆಂಟ್ ದ್ರವವೂ ಸಣ್ಣ ಮುಳ್ಳಿನ ತೂತಿಗೆ ಕೆಲಸ ಮಾಡುತ್ತದೆ, ಆದರೆ ಬಿಸಿಲಿಗೆ ಕೆಲವು ತಿಂಗಳಲ್ಲಿ ಒಣಗುತ್ತದೆ, ಮತ್ತೆ ಹಾಕಬೇಕು.

ಟೈರಿನಲ್ಲಿ ಮುಳ್ಳು ನಿಂತಿರುವುದು ಕಂಡಿತು, ಗಾಳಿ ಇನ್ನೂ ಇದೆ, ಊರು ಇನ್ನೂ 8 ಕಿ.ಮೀ. ದೂರ. ಕೀಳಬೇಡಿ. ಎಷ್ಟೋ ಸಲ ಮುಳ್ಳೇ ಬಿರಡೆ ಆಗಿ ತೂತು ಮುಚ್ಚಿರುತ್ತದೆ, ಮನೆಗೆ ಬಂದು ಕೀಳಿ. ಗಾಳಿ ಪೂರ್ತಿ ಹೋಗಿದ್ದರೆ ದಾರಿಯಲ್ಲಿ ಪಂಚರ್ ಹಾಕುತ್ತಾ ಕೂರದೆ ಹೊಸ ಟ್ಯೂಬ್ ಹಾಕಿ, ಹಳೆಯದನ್ನು ಸಂಜೆ ನಿಧಾನಕ್ಕೆ ರಿಪೇರಿ ಮಾಡಿ. ಹೊಸ ಟ್ಯೂಬ್ ಹಾಕುವ ಮುಂಚೆ ಒಂದು ಹತ್ತಿ ಬಟ್ಟೆಯನ್ನು ಟೈರಿನ ಒಳಮೈ ಪೂರ್ತಿ ಸವರಿಕೊಂಡು ಬನ್ನಿ. ಬರೀ ಬೆರಳು ಹಾಕಿದರೆ ಬೆರಳಿಗೇ ಚುಚ್ಚುತ್ತದೆ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿನ ಮೊನೆ ಮುರಿದು ಕೂತಿದೆ. ಹೊರಗಿಂದ ಕಾಣುವುದೇ ಇಲ್ಲ. ಅದನ್ನು ಬಿಟ್ಟು ಟ್ಯೂಬ್ ಹಾಕಿದರೆ ಅರ್ಧ ಕಿಲೋಮೀಟರ್‌ಗೆ ಮತ್ತೆ ಪುಸ್.

ಪ್ಯಾಚ್ ಹಾಕುವಾಗ ಅವಸರವೇ ಶತ್ರು. ತೂತಿನ ಸುತ್ತ ಸ್ಯಾಂಡ್ ಪೇಪರ್‌ನಿಂದ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಬಳಿದು ಮೂರು, ನಾಲ್ಕು ನಿಮಿಷ ಸುಮ್ನೆ ಕೂತುಬಿಡಿ. ಹೊಳಪು ಹೋಗಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಬೇಕು. ಆಮೇಲೆ ಪ್ಯಾಚ್ ಇಟ್ಟು ಬಲವಾಗಿ ಒತ್ತಿ. ಹಸಿ ಇರುವಾಗಲೇ ಅಂಟಿಸಿದರೆ ಅದು ಬಿಸಿಲಿಗೆ ಎದ್ದು ಬರುತ್ತದೆ.

ಗಾಳಿ ಎಷ್ಟಿರಬೇಕು? ಟೈರಿನ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಎರಡನ್ನೂ ಬರೆದಿರುತ್ತಾರೆ. ಅದರೊಳಗೇ ಆಡಬೇಕು. 2 ಅಂಗುಲದ ಟೈರಿಗೆ, 70 ಕೆ.ಜಿ. ಆಸುಪಾಸಿನ ಸವಾರನಿಗೆ, ಡಾಂಬರಿಗೆ 45ರಿಂದ 50 ಪಿಎಸ್‌ಐ, ಕಲ್ಲು ಮಣ್ಣಿನ ದಾರಿಗೆ 35ರ ಸುತ್ತ ಸರಿಹೋಗುತ್ತದೆ, ಹಿಂದಿನದಕ್ಕೆ ಎರಡು, ಮೂರು ಜಾಸ್ತಿ. ತೀರಾ ಕಮ್ಮಿ ಮಾಡಿದರೆ ಕಲ್ಲಿಗೆ ಹೊಡೆದಾಗ ಟ್ಯೂಬು ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಹಾವು ಕಚ್ಚಿದ ಹಾಗೆ ಎರಡು ತೂತು ಬೀಳುತ್ತದೆ. ಟೈರ್ ಬದಲಾಯಿಸುವಾಗ ನಡುವೆ ಒತ್ತೊತ್ತಾಗಿ ಸಣ್ಣ ಗುಬುಟು, ಅಂಚಿನಲ್ಲಿ ದೊಡ್ಡ ಗುಬುಟು ಇರುವುದನ್ನು ಹುಡುಕಿ. ಡಾಂಬರಿನಲ್ಲಿ ಗುಂಯ್ ಎನ್ನುವ ಸದ್ದೂ ಕಮ್ಮಿ, ಮಣ್ಣಿನ ತಿರುವಲ್ಲಿ ಹಿಡಿತವೂ ಇರುತ್ತದೆ.

ಎರೆ ಮಣ್ಣು

ಕೆಂಪು ಮಣ್ಣು, ಗರಸು ಮಳೆ ಬಂದ ಮೇಲೂ ಓಡಿಸೋಕೆ ಬಿಡುತ್ತವೆ. ಎರೆ ಬಿಡುವುದಿಲ್ಲ. ದಾವಣಗೆರೆ ಸುತ್ತಲಿನ ಎರೆ ಹೊಲದ ದಾರಿಗೆ ಮಳೆ ನಿಂತ ಕೂಡಲೇ ಇಳಿದು ನೋಡಿ. ಇಪ್ಪತ್ತು ಅಡಿಯೊಳಗೆ ಮಣ್ಣು ಟೈರಿಗೆ ಸುತ್ತಿಕೊಂಡು ದಪ್ಪವಾಗಿ, ಫೋರ್ಕಿನ ನಡುವೆ ತುಂಬಿಕೊಂಡು, ಚಕ್ರ ತಿರುಗುವುದೇ ನಿಲ್ಲುತ್ತದೆ. ತಳ್ಳೋಕೂ ಆಗದು, ಭುಜದ ಮೇಲೆ ಹೊತ್ತುಕೊಂಡೇ ಬರಬೇಕು. ಆಗ ಪೆಡಲ್ ತುಳಿದು ಬಲವಂತ ಮಾಡಿದರೆ ಮುರಿಯುವುದು ಗೇರ್. ಒಂದು ಕಡ್ಡಿ ತಗೊಂಡು ಕೆರೆದು ತೆಗೆಯಿರಿ. ಮಳೆ ಬಂದ ಮೇಲೆ ಒಂದೆರಡು ಒಳ್ಳೆ ಬಿಸಿಲು ಬೀಳುವ ತನಕ ಎರೆ ದಾರಿ ಬೇಡವೇ ಬೇಡ. ಮಳೆಗಾಲದಲ್ಲಿ ಮಡ್‌ಗಾರ್ಡ್ ಟೈರಿಗೆ ತೀರಾ ಹತ್ತಿರ ಇರಬಾರದು, ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಿಸಿ.

ಮನೆಗೆ ಬಂದ ಮೇಲೆ ಸರ್ವಿಸ್ ಸೆಂಟರಿನ ಪ್ರೆಷರ್ ನೀರು ಹೊಡೆಸಬೇಡಿ, ಚಕ್ರದ ನಡುವಿನ ಹಬ್‌ ಒಳಗಿನ ಗ್ರೀಸ್ ತೊಳೆದುಹೋಗುತ್ತದೆ. ಬಕೆಟ್ ನೀರು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಚೈನು ಒರೆಸಿ ಒಣಗಿಸಿ, ಒಂದೊಂದು ಕೊಂಡಿಗೆ ಒಂದೊಂದು ಹನಿ ಚೈನ್ ಲ್ಯೂಬ್ ಬಿಟ್ಟು, ಹತ್ತು ನಿಮಿಷ ಬಿಟ್ಟು ಮೇಲಿರುವುದನ್ನೆಲ್ಲಾ ಬಟ್ಟೆಯಿಂದ ಒರೆಸಿಬಿಡಿ. ಎಣ್ಣೆ ಕೊಂಡಿಯ ಒಳಗೆ ಬೇಕು, ಹೊರಗೆ ಇದ್ದರೆ ಧೂಳು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಸುಟ್ಟ ಇಂಜಿನ್ ಆಯಿಲ್ ಬಳಿಯುವುದು ನಮ್ಮಲ್ಲಿ ಮಾಮೂಲು, ಅದು ಧೂಳಿಗೆ ಕರೆದು ಊಟ ಹಾಕಿದ ಹಾಗೆ. ಎಣ್ಣೆ ಡಿಸ್ಕ್‌ಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಬ್ರೇಕ್ ಕಿರುಚುತ್ತದೆ, ಹಿಡಿಯುವುದಿಲ್ಲ.

ಚೈನು ಸವೆದಿದೆಯೋ ಇಲ್ಲವೋ ನೋಡಲು 12 ಅಂಗುಲದ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟರೆ 12 ಅಂಗುಲದ ಗೆರೆ ಇನ್ನೊಂದು ಪಿನ್ನಿನ ಸರಿ ನಡುವಿಗೆ ಬರಬೇಕು. ಪಿನ್ ಆ ಗೆರೆ ದಾಟಿ ಒಂದೂವರೆ ಮಿ.ಮೀ. ಆಚೆ ಹೋಗಿದ್ದರೆ ಚೈನ್ ಬದಲಾಯಿಸಿ. 3 ಮಿ.ಮೀ. ದಾಟಿದ್ದರೆ ತಡವಾಯಿತು, ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಹೊಸ ಚೈನು ಅದರ ಮೇಲೆ ಕೂರದೆ ಜಾರುತ್ತದೆ.

ದಿನದ ಓಡಾಟ

ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಬೆಲ್ಲು, ಹೆಲ್ಮೆಟ್. ಇವುಗಳ ಬಗ್ಗೆ ಚರ್ಚೆ ಇಲ್ಲ. ಬುತ್ತಿ, ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡರೆ ಶರ್ಟು ಒದ್ದೆ, ಕ್ಯಾರಿಯರ್ ಹಾಕಿಸಿ. ಸೀಟಿನ ಕಂಬಕ್ಕೆ ಕಚ್ಚಿಸುವ ಕ್ಯಾರಿಯರ್ ಮೇಲೆ ಭಾರ ಜಾಸ್ತಿ ಹೇರಬೇಡಿ, ಫ್ರೇಮಿಗೆ ಬೋಲ್ಟ್ ಹಾಕುವಂಥದ್ದು ಗಟ್ಟಿ. ಬೀಗವನ್ನು ಬರೀ ಚಕ್ರಕ್ಕೆ ಹಾಕದೆ ಫ್ರೇಮ್ ಸೇರಿಸಿ ಯಾವುದಾದರೂ ಕಂಬಕ್ಕೆ ಹಾಕಿ.

48ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಹೋಗಬೇಡಿ, ಸರ್ವಿಸ್ ರೋಡ್ ಇರುವ ಕಡೆ ಅದರಲ್ಲೇ ಹೋಗಿ, ಅಲ್ಲೂ ಎದುರಿನಿಂದ ಬೈಕು, ಟ್ರ್ಯಾಕ್ಟರ್ ಬರುತ್ತವೆ ಎಂದು ಲೆಕ್ಕ ಇಟ್ಟುಕೊಂಡೇ ಹೋಗಿ. ಸುಗ್ಗಿ ಕಾಲದಲ್ಲಿ ಹಳ್ಳಿ ರಸ್ತೆಗಳಲ್ಲಿ ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ, ರಾಗಿ, ಹುರುಳಿ ಒಕ್ಕಣೆಯೂ ರಸ್ತೆ ಮೇಲೆ. ಮೆಕ್ಕೆಜೋಳದ ಕಾಳಿನ ಮೇಲೆ ಬ್ರೇಕ್ ಹಿಡಿದರೆ ಚಕ್ರ ಗೋಲಿ ಮೇಲೆ ನಿಂತಂತೆ. ಹ್ಯಾಂಡಲ್ ನೆಟ್ಟಗಿಟ್ಟು, ಬ್ರೇಕ್ ಮುಟ್ಟದೆ ನಿಧಾನಕ್ಕೆ ದಾಟಿ. ಇಲ್ಲಾ ಇಳಿದು ತಳ್ಳಿ, ರೈತರಿಗೂ ಅದೇ ಇಷ್ಟ.

ಗುಡ್ಡದ ಕಡೆ

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್ ತನಕ ಪಶ್ಚಿಮ, ನೈಋತ್ಯದಿಂದ ಬೀಸುವ ಗಾಳಿಗೆ ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತದೆ. ಆ ತಿಂಗಳುಗಳಲ್ಲಿ ಹೊರಡುವಾಗ ಹೊಳಲ್ಕೆರೆ ಕಡೆಗೆ, ಅಂದರೆ ಗಾಳಿಗೆ ಎದುರಾಗಿ ಹೋಗಿ, ಸುಸ್ತಾಗಿ ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ ತಳ್ಳುತ್ತದೆ. ಚಳ್ಳಕೆರೆ ಕಡೆಗೆ ಮೊದಲು ಹೋದರೆ ಲೆಕ್ಕ ತಲೆಕೆಳಗು. ಬೇಸಿಗೆಯಲ್ಲಿ ಬೆಳಿಗ್ಗೆ ಆರಕ್ಕೆಲ್ಲಾ ಹೊರಟು ಒಂಬತ್ತರೊಳಗೆ ಮನೆ ಸೇರಿ, ಎರಡು ಲೀಟರ್ ನೀರು ಇರಲಿ.

ಕೋಟೆಯೊಳಗೆ ಸೈಕಲ್ ಆಸೆ ಬಿಡಿ, ಅದು ಪುರಾತತ್ವ ಇಲಾಖೆಯ ಸ್ಮಾರಕ, ಒಳಗೆ ಇರುವುದೂ ಮೆಟ್ಟಿಲುಗಳೇ. ಚಂದ್ರವಳ್ಳಿ ಕೆರೆ ಕಡೆ ಹೋಗಬಹುದು, ವಾಕಿಂಗ್ ಬರುವವರಿಗೆ ದಾರಿ ಬಿಟ್ಟು ನಿಧಾನಕ್ಕೆ ಹೋಗಿ, ಮಯೂರಶರ್ಮನ ಶಾಸನ ಇರುವ ಬಂಡೆ ಹತ್ತಿರ ಸಾಹಸ ಬೇಡ. ಏರು ಬೇಕಾದವರಿಗೆ ಆಡುಮಲ್ಲೇಶ್ವರದ ಕಿರು ಮೃಗಾಲಯದ ಮೇಲೆ ಹಾಯ್ದು ಹೋಗುವ ಜೋಗಿಮಟ್ಟಿ ದಾರಿ ಇದೆ. ಅದು ಕರಡಿ, ಚಿರತೆ ಓಡಾಡುವ ಕಾಡು. ಅರಣ್ಯ ಇಲಾಖೆಯವರನ್ನು ಕೇಳಿ, ಅವರು ಬಿಡುವ ಹೊತ್ತಿನಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡೇ ಹೋಗಿ, ರಸ್ತೆ ಬಿಟ್ಟು ಕಾಲುದಾರಿಗೆ ನುಗ್ಗಬೇಡಿ. ದಾವಣಗೆರೆಯವರಿಗೆ ಹತ್ತಿರದಲ್ಲೇ ಕೊಂಡಜ್ಜಿ ಇದೆ, ಭದ್ರಾ ಕಾಲುವೆ ಪಕ್ಕದ ಮಣ್ಣು ದಾರಿಗಳಿವೆ, ಕಲಿಯುವವರಿಗೆ ಅವೇ ಚೆನ್ನ.

ಮಣ್ಣಿನ ಇಳಿಜಾರಲ್ಲಿ ಸೀಟನ್ನು ಎರಡು ಅಂಗುಲ ಇಳಿಸಿಕೊಳ್ಳಿ. ಎರಡೂ ಪೆಡಲ್ ಸಮಕ್ಕೆ ಇಟ್ಟು ಎದ್ದು ನಿಂತು, ಮೈಭಾರ ಹಿಂದಕ್ಕೆ ಹಾಕಿ. ಮುಂದಿನ ಬ್ರೇಕ್ ಒಂದೇ ಸಲ ಗಕ್ಕನೆ ಹಿಡಿದರೆ ಮಗುಚುತ್ತೀರಿ, ಹಿಂದಿನದು ಒಂದನ್ನೇ ಹಿಡಿದರೆ ಗರಸಿನಲ್ಲಿ ಚಕ್ರ ಜಾರುತ್ತಾ ಹೋಗುತ್ತದೆ. ಎರಡನ್ನೂ ಸೇರಿಸಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಇಳಿಯಬೇಕು. ತಿರುವಿನ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಬ್ರೇಕ್ ಬೇಡ. ಕಲ್ಲು ನೋಡಬೇಡಿ, ಕಲ್ಲುಗಳ ನಡುವಿನ ದಾರಿ ನೋಡಿ, ಕಣ್ಣು ಹೋದ ಕಡೆಗೇ ಚಕ್ರ ಹೋಗುತ್ತದೆ. ಇಷ್ಟು ಬೆಲೆಯ ಸೈಕಲ್‌ನಲ್ಲಿ ಎತ್ತರದಿಂದ ಹಾರಿಸುವ ಆಟ ಮಾತ್ರ ಬೇಡ, ಹಿಂದಿನ ಅಚ್ಚು ಬಾಗುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ

ಕಾಲೇಜು ಹುಡುಗರು ಬೈಕ್ ಬಂದ ಮೇಲೆ ಮಾರುವ ಗೇರ್ ಸೈಕಲ್‌ಗಳು ಅರ್ಧ ಬೆಲೆಗೆ ಸಿಗುತ್ತವೆ, ಎಷ್ಟೋ ಸೈಕಲ್ ಹೆಚ್ಚು ಓಡಿಯೇ ಇರುವುದಿಲ್ಲ. ಹ್ಯಾಂಡಲ್ ಬುಡದಲ್ಲಿ ಪೈಪುಗಳು ಸೇರುವ ವೆಲ್ಡಿಂಗ್ ಜಾಗದಲ್ಲಿ ಬಣ್ಣ ಕೂದಲೆಳೆಯಷ್ಟು ಸೀಳಿದ್ದರೂ ಬಿಟ್ಟುಬಿಡಿ, ಅದು ಬಿರುಕು. ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಎತ್ತಿ ತಿರುಗಿಸಿ ಬೆಂಡ್ ನೋಡಿ, ಚೈನಿಗೆ ಸ್ಕೇಲ್ ಹಿಡಿಯಿರಿ. ಟೈರು, ಟ್ಯೂಬು, ಚೈನು, ಬ್ರೇಕ್ ಪ್ಯಾಡ್ ಎಲ್ಲಾ ಹೊಸದು ಹಾಕಿಸಲು ಎಷ್ಟಾಗುತ್ತದೆ ಎಂದು ಮೊದಲೇ ಕೇಳಿಕೊಂಡು ಆ ದುಡ್ಡನ್ನು ಬೆಲೆಯಲ್ಲಿ ಇಳಿಸಿ. ಫ್ರೇಮ್ ನಂಬರ್ ಸಾಮಾನ್ಯವಾಗಿ ಪೆಡಲ್ ಅಚ್ಚಿನ ಅಡಿಯಲ್ಲಿ ಕೊರೆದಿರುತ್ತದೆ, ಸೈಕಲ್ ತಲೆಕೆಳಗು ಮಾಡಿ ಓದಿ. ಬಿಲ್‌ನಲ್ಲಿ ನಂಬರ್ ಬರೆದಿದ್ದರೆ ಅದಕ್ಕೆ ತಾಳೆ ನೋಡಿ, ಬಿಲ್ ಇಲ್ಲದಿದ್ದರೆ ಮಾರುವವರ ಹತ್ತಿರ ನಂಬರ್ ಸಮೇತ ಒಂದು ಚೀಟಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದಕ್ಕೆ ಹಿಂದೆ ಮುಂದೆ ನೋಡುವವರ ಸೈಕಲ್ ಬೇಡ.